ಗೊಂಬೆ ಬಟ್ಟೆಯ ಕೌದಿ

– ಸುರೀಲಾ ದೊಡ್ಡಮ್ಮ? ಚೀಲದ ತುಂಬ ಮಕ್ಕಳ ಬಟ್ಟೆಯ ತುಂಡುಗಳೇ. ಬೆಕ್ಕು, ಕಾರು, ಅನಾನಸು, ದೋಣಿ, ಕನ್ನಡಕ ಹಾಕಿದ ಕರಡಿ. ಬರೀ ಬಣ್ಣದ್ದು ಅಂತ ಒಂದೂ ಇಲ್ಲ. ಬೆಂಗಳೂರಿನ ಶ್ರೀರಾಂಪುರದಲ್ಲಿ ಗಾರ್ಮೆಂಟ್ಸಿನಿಂದ ಮಿಕ್ಕ ಬಟ್ಟೆ ಮಾರೋ ಅಂಗಡಿಗಳಿವೆಯಲ್ಲ, ಅಲ್ಲಿ ತೂಕದ ಮೇಲೆ ಕೊಂಡೆ. ಇದರಲ್ಲೇ ಒಂದು ಕೌದಿಯ ಮೇಲ್ಪದರ ಕೂಡಿಸಬೇಕು ಅಂತ ಆಸೆ.

– ಸುರಿ. ಚಾಪೆ ಮೇಲೆ ಬ್ಯಾಡ. ನಿಮ್ಮ ದೊಡ್ಡಪ್ಪನ ಬಿಳಿ ಪಂಚೆ ಐತೆ ನೋಡು, ಅದನ್ನ ಹಾಸಿ ಅದರ ಮೇಲೆ ಸುರಿ. ಚಾಪೆ ಬಣ್ಣ ಬಟ್ಟೆ ಬಣ್ಣಕ್ಕೆ ಮೋಸ ಮಾಡ್ತದೆ. ಅಬ್ಬಾ, ಎಷ್ಟೊಂದು ಕಣ್ಣು! ಎಲ್ಲಾ ನಮ್ಮನ್ನೇ ನೋಡ್ತಾವೆ. ಇದ್ಯಾವುದು, ಹತ್ತಿ ಮೂಟೆಗೆ ಮೂಗು ಇಟ್ಟಂಗೈತೆ?

– ಹಿಮದ ಗೊಂಬೆ. ಚಳಿ ದೇಶಗಳಲ್ಲಿ ಹಿಮ ಬಿದ್ದಾಗ ಮಕ್ಕಳು ಉಂಡೆ ಕಟ್ಟಿ ನಿಲ್ಲಿಸ್ತಾರೆ. ಮೂಗು ಕ್ಯಾರೆಟ್ಟಿಂದು. ಕ್ರಿಸ್‌ಮಸ್ಸಿಗೆ ಬೇಕು ಅಂತ ಆರ್ಡರ್ ಬರುತ್ತೆ, ನಾವು ಇಲ್ಲಿ ಬೇಸಿಗೆಯಲ್ಲೇ ಅದನ್ನ ಹೊಲಿದು ಮುಗಿಸ್ತೀವಿ.

– ಈ ಬಟ್ಟೆ ಯಾರಾದ್ರೂ ಉಟ್ಟಿದ್ದಾ?

– ಇಲ್ಲ. ಕಟಿಂಗ್ ಸೆಕ್ಷನ್ನಿನಲ್ಲಿ ಬಟ್ಟೆಯನ್ನ ಪದರ ಪದರವಾಗಿ ಹಾಸಿ, ಮೇಲೆ ಅಂಗಿಯ ಅಳತೆ ಇಟ್ಟು, ಮಿಷನ್ನಿನಲ್ಲಿ ಒಂದೇ ಸಲ ಕತ್ತರಿಸ್ತಾರೆ. ತೋಳಿಗೂ ಎದೆಭಾಗಕ್ಕೂ ನಡುವೆ ಉಳಿಯೋ ಜಾಗ ಇದು. ಯಾರ ಮೈಗೂ ಹೋಗಿಲ್ಲ.

– ನನ್ನನ್ನ ತಡೆಯೋದು ಅದೇ ಕಣೆ. ನಮ್ಮ ಕೌದೀಲಿ ಇರೋ ಒಂದೊಂದು ತುಂಡಿಗೂ ಒಬ್ಬೊಬ್ಬರು ಇದ್ರು. ಇದು ನಮ್ಮಪ್ಪನ ಪಂಚೆ, ಇದು ನಮ್ಮತ್ತೆ ಹೊಲಕ್ಕೆ ಉಟ್ಕಂಡು ಹೋಗ್ತಿದ್ದ ಸೀರೆ, ಇದು ನಿಮ್ಮಮ್ಮ ಇಸ್ಕೂಲಿಗೆ ಹಾಕ್ತಿದ್ದ ಲಂಗ. ಮಲಗಿದಾಗ ಮಕ್ಕಳು ಕೈಯಾಗೆ ತಡವ್ಕಂಡು ಇದು ಯಾರದು, ಅದು ಯಾರದು ಅಂತ ಕೇಳ್ತಿದ್ವು. ಉಟ್ಟೂ ಉಟ್ಟೂ ಬಟ್ಟೆ ಮೆತ್ತಗಾಗಿರೋದು. ಇದು ಗರಿಗರಿ ಐತೆ. ಇದರಾಗೆ ಯಾರವ್ರೆ?

– ನಾನಿದ್ದೀನಲ್ಲ ದೊಡ್ಡಮ್ಮ. ಇಂಥ ಬಟ್ಟೆ ದಿನಾ ನನ್ನ ಕೈ ಮೇಲೇ ಹೋಗುತ್ತೆ. ಚೆಕಿಂಗ್ ಟೇಬಲ್ಲಿನಲ್ಲಿ ಕೂತು, ಬೆಕ್ಕಿನ ಮುಖ ಹೊಲಿಗೆಯಲ್ಲಿ ಅರ್ಧ ಆಗಿದೆಯಾ, ಜೇಬಿನ ಕಾರು ಅಂಗಿಯ ಕಾರಿಗೆ ಕೂಡುತ್ತಾ ಅಂತ ನೋಡೋದೇ ನನ್ನ ಕೆಲಸ. ಕೊರಟಗೆರೆಯಿಂದ, ಮಧುಗಿರಿಯಿಂದ ಗೌರಿಬಿದನೂರಿಗೆ, ದೊಡ್ಡಬಳ್ಳಾಪುರಕ್ಕೆ, ತುಮಕೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಬರೋ ಹೆಣ್ಣುಮಕ್ಕಳು ಎಷ್ಟು ಜನ! ನಾವು ಹೊಲಿದ ಅಂಗಿಯನ್ನ ನಮ್ಮ ಮನೆ ಮಗು ಹಾಕಿದ್ದು ನಾನು ಕಂಡಿಲ್ಲ. ಅದರ ಚಿಂದಿಯಾದರೂ ನಮ್ಮ ಮನೆಗೆ ಬರಲಿ ಅಂತ ತಂದೆ. ಶಿರಾದಲ್ಲಿರೋ ನಿನ್ನ ಮೊಮ್ಮಗನಿಗೆ ಕೊಡೋಣ.

– ಅಂಗಾದ್ರೆ ಸರಿ. ಕೂತ್ಕ. ಶಿರಾ ಅಂದ್ಮೇಲೆ ಕಂಬಳಿಗೇನೂ ಕಮ್ಮಿ ಇಲ್ಲ. ಆ ಸೀಮೆ ಕುರಿ ಸೀಮೆ, ಕುರುಬರು ಕರಿ ಉಣ್ಣೆ ನೂತು ನೆಯ್ದ ಕಂಬಳಿ ನಮ್ಮನೇಲೂ ಅವೆ. ಆದ್ರೆ ಕಂಬಳಿ ಮಗುವಿನ ಮೈಗೆ ಚುಚ್ತದೆ. ಮೇಲೆ ಹೊದೆಯಾಕೆ ಕಂಬಳಿ, ಕೆಳಗೆ ಹಾಸಾಕೆ, ಮೈಗೆ ತಾಗಾಕೆ ಕೌದಿ. ನನ್ನ ತವರು ಪಾವಗಡದ ಕಡೆ ತೆಲುಗಿನೋರ ಮನೇಲಿ ಇದನ್ನೇ ಬೊಂತ ಅಂತಾರೆ. ಕಡ್ಲೆಕಾಯಿ ಕಿತ್ತು, ಬಿಡಿಸಿ, ಮಂಡಿಗೆ ಹಾಕಿದ ಮೇಲೆ ಬೇಸಿಗೇಲಿ ಹೆಂಗಸರಿಗೆ ಒಂದಿಷ್ಟು ಪುರುಸೊತ್ತು ಸಿಗೋದು. ಜಗಲಿ ಮೇಲೆ ಕೌದಿ ಹಾಸ್ಕಂಡು ನಾಕು ಜನ ನಾಕು ಮೂಲೇಲಿ ಕೂತ್ಕಂಡ್ರೆ ಊರಿನ ಮಾತೆಲ್ಲ ಅಲ್ಲೇ ಆಗೋದು. ಈಗ ತಿರುಮಣಿ, ಬಳಸಮುದ್ರದ ಕಡೆ ಹೋದ್ರೆ ಕಡ್ಲೆಕಾಯಿ ಹೊಲ ಇದ್ದ ಕಡೆ ಸೋಲಾರ್ ಹಲಗೆ ನಿಂತವೆ.

– ಹದಿಮೂರು ಸಾವಿರ ಎಕರೆ ದೊಡ್ಡಮ್ಮ, 2,050 ಮೆಗಾವ್ಯಾಟ್. 2018ರಲ್ಲಿ ಶುರುವಾದಾಗ ಪೇಪರಿನಲ್ಲೆಲ್ಲ ಬಂದಿತ್ತು. ಭೂಮಿ ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ.

– ಗುತ್ತಿಗೆ ದುಡ್ಡು ಜಮೀನು ಇದ್ದೋರಿಗೆ ಬತ್ತದೆ. ಕಳೆ ಕೀಳಾಕೆ ಹೋಗ್ತಿದ್ದೋರಿಗೆ ಏನು ಬತ್ತದೆ? ಅದನ್ನ ಬುಡು, ಇವತ್ತಿನ ಮಾತು ಬಟ್ಟೇದು. ಈ ಗೊಂಬೆಗಳೆಲ್ಲ ನಮ್ಮವಲ್ಲ ಅನ್ನೋ ಅನುಮಾನ ನಿನಗಿಲ್ವಾ?

– ಇತ್ತು. ಆಮೇಲೆ ಮಧುಗಿರಿ ಕಾಲೇಜಿನಲ್ಲಿ ಓದಿದ ಇತಿಹಾಸ ನೆನಪಾಯಿತು. ಹದಿನೇಳನೇ ಶತಮಾನದಲ್ಲಿ ಮಚಲೀಪಟ್ಟಣದ ಕಡೆಯ ಕರಾವಳಿಯಿಂದ ಹೂಬಳ್ಳಿ ಬರೆದ ಹತ್ತಿ ಬಟ್ಟೆ ಹಡಗು ತುಂಬಿ ಯೂರೋಪಿಗೆ ಹೋಗ್ತಿತ್ತು. ಅಲ್ಲಿನ ವ್ಯಾಪಾರಿಗಳು ನಮಗೆ ಇಂಥದೇ ಚಿತ್ರ ಬೇಕು ಅಂತ ನಮೂನೆ ಕಳಿಸೋರು, ಇಲ್ಲಿನ ಕೈಗಳು ಬರೆದು ಕೊಡೋವು. ಇಂಗ್ಲೆಂಡಿನ ಉಣ್ಣೆ, ರೇಷ್ಮೆ ನೇಕಾರರು ಈ ಬಟ್ಟೆ ನಮ್ಮ ಹೊಟ್ಟೆ ಮೇಲೆ ಹೊಡೀತಾ ಇದೆ ಅಂತ ಗಲಾಟೆ ಮಾಡಿದ ಮೇಲೆ 1700ರಲ್ಲಿ ಒಂದು ಕಾಯ್ದೆ ಬಂತು, 1721ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಅಚ್ಚು ಹಾಕಿದ ಹತ್ತಿ ಬಟ್ಟೆ ಉಡೋದೇ ತಪ್ಪು ಅಂತ ಆಯಿತು. ಅಂಥ ಬಟ್ಟೆ ಸಿಕ್ಕವರು ಅದರ ಹೂವನ್ನ, ಹಕ್ಕಿಯನ್ನ ಸುತ್ತ ಕತ್ತರಿಸಿ ಬೇರೆ ಬಟ್ಟೆಯ ಮೇಲೆ ಹೊಲಿದು ಹಾಸಿಗೆ ಮೇಲೆ ಹಾಸ್ಕೊಳ್ಳೋರು. ದೂರದವರಿಗೆ ಬೇಕಾದ ಚಿತ್ರವನ್ನ ನಮ್ಮ ಕೈ ಮಾಡಿ ಕೊಡೋದು ಆಗಿನಿಂದಲೂ ಇದೆ. ಈಗ ಚಿಂದಿ ಇಲ್ಲೇ ಉಳೀತಾ ಇದೆ, ಅಷ್ಟೆ. ಉಳಿದದ್ದರ ಮೇಲೆ ನಮಗೆ ಹಕ್ಕಿದೆ ಅಂತ ನಾನು ನಂಬ್ತೀನಿ.

– ನೀನು ಓದಿದ್ದು ದಂಡ ಆಗಲಿಲ್ಲ ಮಗಾ. ಸರಿ, ಮೊದಲು ವಿಂಗಡಿಸು. ಗೊಂಬೆ ನೋಡ್ಕಂಡು ವಿಂಗಡಿಸಬ್ಯಾಡ, ಬಟ್ಟೆ ನೋಡ್ಕಂಡು ವಿಂಗಡಿಸು. ಎರಡೂ ಕೈಯಾಗೆ ಹಿಡ್ಕಂಡು ಎಳಿ. ಬನಿಯನ್ನಿನಂಗೆ ಹಿಗ್ಗಿದ್ರೆ ಆ ಕಡೆ. ಹಿಗ್ಗದಿದ್ರೆ ಈ ಕಡೆ.

– ಹೊಸೈರಿ ಬಟ್ಟೆ ಅರ್ಧಕ್ಕಿಂತ ಜಾಸ್ತಿ ಇದೆಯಲ್ಲ. ಪಾಪುಗಳ ಅಂಗಿಗೆ ಅದೇ ಬಳಸೋದು. ಬೇರೆ ಇಡಲೇಬೇಕಾ?

– ಇಡಲೇಬೇಕು. ಹಿಗ್ಗೋದನ್ನ ಹಿಗ್ಗದೇ ಇರೋದರ ಪಕ್ಕ ಹೊಲಿದ್ರೆ ಒಂದು ಒಗೆತಕ್ಕೇ ಗೊತ್ತಾಗ್ತದೆ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಹೊಸೈರಿದೇ ಬೇಕು ಅಂದ್ರೆ ಅದರ ಹಿಂದೆ ಹಳೇ ಪಂಚೆ ತುಂಡು ಇಟ್ಟು ಸುತ್ತ ಕಚ್ಚಾ ಹೊಲಿಗೆ ಹಾಕ್ಕಂಡು, ಆಮೇಲೆ ಎರಡನ್ನೂ ಸೇರಿಸಿ ಚೌಕ ಕತ್ತರಿಸು. ಅಂಗೆ ಮಾಡಿದ್ರೆ ನಿಲ್ತದೆ. ಇದೇನಿದು, ಈ ಸಿಂಹದ ಮೇಲೆ ಪ್ಲಾಸ್ಟಿಕ್ ಬಳಿದವ್ರೆ?

– ರಬ್ಬರ್ ಪ್ರಿಂಟು. ಟೀ ಶರ್ಟಿನ ಎದೆ ಮೇಲೆ ಹಾಕ್ತಾರಲ್ಲ, ಅದು.

– ಅದನ್ನ ತೆಗೆದು ಆಚೆ ಇಡು. ಸೂಜಿ ಇಳಿಯಲ್ಲ, ಇಳಿದ್ರೂ ತೂತು ಹಂಗೇ ಉಳೀತದೆ. ಮೇಲಿಂದ ಇಸ್ತ್ರಿ ಹಾಕಿದ್ರೆ ಪೆಟ್ಟಿಗೆಗೇ ಅಂಟ್ಕಂತದೆ. ಸೆಕೆಗಾಲದಾಗೆ ಮಗುವಿನ ಬೆನ್ನಿಗೆ ಬೆವರು ಹಿಡಿಸ್ತದೆ. ಎಷ್ಟೇ ಚಂದ ಇದ್ರೂ ಬ್ಯಾಡ. ಇನ್ನು ಉಳಿದಿದ್ದನ್ನ ಒಗಿ. ಕೆಂಪು, ಕಡು ನೀಲಿ ಬೇರೆ ಬೇರೆ ನೆನಸು. ನೀರಿಗೆ ಬಣ್ಣ ಬಿಟ್ರೆ ಮತ್ತೊಂದು ಸಲ ಒಗಿ, ಆಮೇಲೂ ಬಿಟ್ರೆ ಅದು ಕೌದಿಗೆ ಆಗಲ್ಲ. ಬಿಳಿ ಹಿಮದ ಗೊಂಬೆ ಪಕ್ಕ ಕೆಂಪು ಹೊಲಿದು, ಅದರ ಮುಖ ಎಲ್ಲಾ ರೋಜಾ ಬಣ್ಣ ಆದ್ರೆ ಯಾರನ್ನ ಬೈತೀಯ?

– ಒಗೆದು ಒಣಗಿಸಿದ ಮೇಲೆ ಕತ್ತರಿಸೋದು. ಆರು ಇಂಚಿನ ಚೌಕ ಅಂದುಕೊಂಡಿದ್ದೀನಿ. ಅಡ್ಡಕ್ಕೆ ಹತ್ತು, ಉದ್ದಕ್ಕೆ ಹದಿನಾಲ್ಕು. ಐದು ಅಡಿಗೆ ಏಳು ಅಡಿ ಆಗುತ್ತೆ. ಒಟ್ಟು 140 ಚೌಕ.

– ಆರು ಇಂಚು ಕಾಣಬೇಕು ಅಂದ್ರೆ ಆರೂವರೆ ಕತ್ತರಿಸಬೇಕು. ನಾಕೂ ಕಡೆ ಕಾಲು ಕಾಲು ಇಂಚು ಹೊಲಿಗೆ ತಿನ್ತದೆ. ಬರೀ ಬಣ್ಣದ ಬಟ್ಟೇಲಿ ಈ ಲೆಕ್ಕ ಒಂಚೂರು ತಪ್ಪಿದ್ರೂ ಯಾರಿಗೂ ಕಾಣಲ್ಲ. ಗೊಂಬೆ ಬಟ್ಟೇಲಿ ಕಿವಿ ಹೋಗ್ತದೆ, ಚಕ್ರ ಹೋಗ್ತದೆ. ಹಳೇ ಕ್ಯಾಲೆಂಡರಿನ ರಟ್ಟು ತಗಂಡು, ಆರೂವರೆ ಚೌಕ ಕತ್ತರಿಸಿ, ಅದರ ನಡುವೆ ಆರು ಇಂಚಿನ ಕಿಟಕಿ ತೆಗಿ. ಆ ಕಿಟಕೀನ ಬಟ್ಟೆ ಮೇಲೆ ಸರಿಸ್ತಾ ಹೋಗು. ಕಿಟಕಿಯಾಗೆ ಏನು ಕಾಣ್ತದೋ ಅದೇ ಕೌದೀಲಿ ಕಾಣೋದು. ಬೆಕ್ಕು ಪೂರ್ತಿ ಬಂತಾ? ಬಾಲ ತುದಿಗೆ ತಾಗ್ತಾ? ತಾಗಿದ್ರೆ ಇನ್ನೊಂಚೂರು ಸರಿಸು. ಗೆರೆ ಎಳಿ, ಕತ್ತರಿಸು. ಇದಕ್ಕೆ ಬಟ್ಟೆ ಜಾಸ್ತಿ ಹಾಳಾಗ್ತದೆ, ಅದಕ್ಕೆ ಹೊಟ್ಟೆ ಉರ್ಕಬ್ಯಾಡ. ಆ ಸುತ್ತಲ ಚೂರು ಒಳಗೆ ತುಂಬಾಕೆ ಬತ್ತವೆ.

– ಈ ಸಣ್ಣ ಸಣ್ಣ ದೋಣಿ ಇರೋದಕ್ಕೆ ಕಿಟಕಿ ಬೇಕಿಲ್ಲ ಅಲ್ವಾ? ಎಲ್ಲಿ ಕತ್ತರಿಸಿದರೂ ನಾಲ್ಕು ದೋಣಿ ಬರುತ್ತೆ.

– ಬೇಕಿಲ್ಲ. ಆದ್ರೆ ಈ ಆನೆ ನೋಡು, ಒಂದು ಗೇಣು ಐತೆ. ಇದನ್ನ ಆರು ಇಂಚಿಗೆ ಕತ್ತರಿಸಿದ್ರೆ ಬರೀ ಹೊಟ್ಟೆ ಬತ್ತದೆ. ಯಾವ ಪ್ರಾಣಿ ಅಂತ ಮಗುವಿಗೆ ಹೆಂಗೆ ಗೊತ್ತಾಗಬೇಕು? ಇದಕ್ಕೆ ನಾಕು ಚೌಕದ ಜಾಗ ಕೊಡು, ಹನ್ನೆರಡೂವರೆ ಇಂಚು. ನಡುವೆ ಒಂದೇ ಒಂದು ದೊಡ್ಡದಿದ್ರೆ ಚಂದ, ನಾಕು ಮೂಲೆಗೆ ನಾಕು ದೊಡ್ಡದಿದ್ರೂ ಚಂದ. ಎಲ್ಲೆಂದ್ರಲ್ಲಿ ಇಟ್ರೆ ಕಣ್ಣು ಎಡವ್ತದೆ.

– ತಲೆ ಯಾವ ಕಡೆ ಇರಬೇಕು? ಅಂಗಿಯಲ್ಲಾದರೆ ಪ್ರಶ್ನೆಯೇ ಇಲ್ಲ, ಎಲ್ಲಾ ತಲೆ ಮೇಲಕ್ಕೆ. ಒಂದು ಬೆಕ್ಕು ತಲೆಕೆಳಗಾಗಿದ್ದರೂ ಆ ಪೀಸು ವಾಪಸ್.

– ಕೌದಿ ನೆಲದ ಮೇಲೆ ಇರ್ತದೆ ಕಣೆ, ಗೋಡೆ ಮೇಲಲ್ಲ. ಈ ಕಡೆಯಿಂದ ಒಬ್ಬ ನೋಡ್ತಾನೆ, ಆ ಕಡೆಯಿಂದ ಇನ್ನೊಬ್ಬಳು ನೋಡ್ತಾಳೆ. ನಡುವಿನಿಂದ ಆಚೆಗೆ ನಾಕು ಭಾಗ ಮಾಡಿ, ಆಯಾ ಕಡೆ ಕೂತೋರಿಗೆ ನೆಟ್ಟಗೆ ಕಾಣಂಗೆ ತಿರುಗಿಸಿಡು. ಯಾವ ಕಡೆ ಮಲಗಿದ್ರೂ ಮಗುವಿಗೆ ಒಂದಿಷ್ಟು ಗೊಂಬೆ ನೆಟ್ಟಗೆ ಸಿಗಬೇಕು.

– ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ ದೊಡ್ಡಮ್ಮ. ಏನೂ ಕಾಣ್ತಿಲ್ಲ. ಒಂದೊಂದೇ ಹಿಡಿದರೆ ಅಷ್ಟು ಮುದ್ದಾಗಿದೆ, ಸೇರಿಸಿದರೆ ಬರೀ ಗದ್ದಲ.

– ಶಿರಾ ಸಂತೇಲಿ ಎಲ್ಲಾರೂ ಒಟ್ಟಿಗೆ ಕೂಗಿದಂಗೆ. ಯಾರೂ ಬಾಯಿ ಮುಚ್ಚದೇ ಇದ್ರೆ ಯಾರ ಮಾತೂ ಕೇಳಲ್ಲ. ಗೊಂಬೆ ನಡುವೆ ಸುಮ್ಮನಿರೋ ಬಟ್ಟೆ ಬೇಕು. ಒಂದು ಗೊಂಬೆ, ಒಂದು ಬರೀ ಬಣ್ಣ, ಮತ್ತೊಂದು ಗೊಂಬೆ.

– ಅಂದರೆ ಸುಮಾರು 70 ಚೌಕ ಬರೀ ಬಣ್ಣದ್ದು ಬೇಕು. ಅಷ್ಟು ಕೊಂಡರೆ ಖರ್ಚಾಗುತ್ತೆ.

– ಯಾಕೆ ಕೊಳ್ತೀಯ? ಆ ಕಬ್ಬಿಣದ ಪೆಟ್ಟಿಗೆ ತೆಗಿ. ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದು, ಬಾಗಿನದಾಗೆ ಬಂದಿದ್ದು, ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋದಾಗ ಯಾರೋ ಪುಣ್ಯಾತ್ಗಿತ್ತಿ ಕೈಗಿಟ್ಟಿದ್ದು, ಎಷ್ಟು ರವಿಕೆ ಕಣ ಅವೆ ನೋಡು. ಒಬ್ಬರು ನನಗೆ ಕೊಟ್ಟಿದ್ದನ್ನ ನಾನು ಇನ್ನೊಬ್ಬರಿಗೆ ಕೊಡ್ತೀನಿ, ಅವರು ಮತ್ತೊಬ್ಬರಿಗೆ ಕೊಡ್ತಾರೆ. ಹೊಲಿಸೋರು ಯಾರೂ ಇಲ್ಲ. ಹಸಿರು, ಅರಿಶಿನ, ಕುಂಕುಮದ ಬಣ್ಣ, ನೇರಳೆ. ನಯಸ್ಸಾಗಿ ಜಾರೋದನ್ನ ತೆಗೆದಿಡು, ಅದು ಹತ್ತಿ ಜೊತೆ ಕೂಡಲ್ಲ. ಟೂ ಬೈ ಟೂ ಹತ್ತೀದು ತೆಳ್ಳಗಿರ್ತದೆ, ಹಿಂದೆ ಪಂಚೆ ತುಂಡು ಕೊಟ್ರೆ ಸಾಕು.

– ಓ! ಇದು ಹೊಳೆದೇ ಇರಲಿಲ್ಲ. ಪ್ರತಿ ಮನೆಯ ಬೀರುವಿನಲ್ಲೂ ಇದೇ ಗಂಟು ಇದೆ. ಯಾರು ಯಾವಾಗ ಕೊಟ್ಟರು ಅಂತ ನಿನಗೆ ನೆನಪಿದೆಯಾ?

– ಸುಮಾರಾಗಿ ಅದೆ. ಈ ಹಸಿರುದು ನಿಮ್ಮಮ್ಮ ನಿನ್ನ ಸೀಮಂತಕ್ಕೆ ಬಂದೋರಿಗೆಲ್ಲ ಕೊಟ್ಟಿದ್ದು. ನೋಡು, ನಿನ್ನ ಗರಿಗರಿ ಗೊಂಬೆಗಳ ನಡುವೆ ನಮ್ಮ ಜನ ಬಂದು ಕೂತ್ಕಂಡ್ರು. ನಾನು ಕೇಳಿದ್ದು ಇದನ್ನೇ.

– ಈ ಗಣಪತಿದು ಹಾಕಲಾ? ಮುದ್ದಾಗಿದೆ, ಇಲಿ ಮೇಲೆ ಕೂತಿದ್ದಾನೆ.

– ಬ್ಯಾಡ ಬ್ಯಾಡ. ಕಾಲಡಿಗೆ ಬೀಳೋ ಬಟ್ಟೇಲಿ ದೇವರು ಬರಬಾರದು. ಓಂ ಅಂತ ಬರೆದ ಶಾಲು, ಶನಿಮಹಾತ್ಮನ ಗುಡಿಯಿಂದ ತಂದ ವಸ್ತ್ರ, ಯಾವುದೂ ಬ್ಯಾಡ. ಅಕ್ಷರ ಇದ್ರೂ ನಾನು ಹಾಕಲ್ಲ, ಅಕ್ಷರ ತುಳೀಬಾರದು ಅಂತ ನಮ್ಮಪ್ಪ ಹೇಳೋರು. ಇಂಗ್ಲೀಷ್ ಅಕ್ಷರ ಆದ್ರೂ ಅಕ್ಷರವೇ.

– ಬಾವುಟದ ಬಣ್ಣದ್ದೂ ಇದೆ, ಆಗಸ್ಟ್ ಹದಿನೈದಕ್ಕೆ ಮಾಡಿದ್ದು. ಅದಂತೂ ಕಾನೂನಿನಲ್ಲೇ ಇದೆ, ರಾಷ್ಟ್ರಧ್ವಜವನ್ನ ದಿಂಬಿನ ಮೇಲೆ, ಕರವಸ್ತ್ರದ ಮೇಲೆ ಹಾಕೋ ಹಾಗಿಲ್ಲ. ಅದನ್ನ ತೆಗೆದಿಡ್ತೀನಿ. ದೊಡ್ಡಮ್ಮ, ಈಗ ಎಲ್ಲಾ ಜೋಡಿಸಿದ್ದೀನಿ ನೋಡು. ಹೊಲಿಯೋಕೆ ಶುರು ಮಾಡಲಾ?

– ಏನವಸರ? ಮಂಚದ ಮೇಲೆ ಹತ್ತಿ ನಿಂತ್ಕಂಡು ನೋಡು. ಕಣ್ಣು ಅರ್ಧ ಮುಚ್ಚು. ಏನು ಮುಂದಕ್ಕೆ ಬತ್ತದೆ?

– ಮೇಲಿನ ಎಡಗಡೆ ಎಲ್ಲಾ ಹಳದಿ ಆಗಿದೆ. ಕೆಳಗೆ ಕಪ್ಪು ಕಾರುಗಳು ಒಂದೇ ಕಡೆ ಗುಂಪಾಗಿವೆ. ತಾಳು, ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡ್ತೀನಿ. ಹೌದು, ಈಗ ಗೊತ್ತಾಗುತ್ತೆ. ಬಣ್ಣ ತೆಗೆದುಬಿಟ್ಟರೆ ಈ ಮೂಲೆಯೆಲ್ಲ ಒಂದೇ ಕತ್ತಲೆ. ಅನಾನಸಿನ ಹಳದಿಗೂ ಈ ಬಿಳೀ ಬೆಕ್ಕಿಗೂ ವ್ಯತ್ಯಾಸವೇ ಕಾಣಲ್ಲ.

– ಆ ಫೋನು ನನಗೆ ಬ್ಯಾಡ, ನನ್ನ ಕಣ್ಣಿಗೆ ಪೊರೆ ಬಂದ ಮೇಲೆ ನಾನು ನೋಡೋದೇ ಅಂಗೆ. ಕಪ್ಪು ಕಾರು ಎರಡನ್ನ ಆ ತುದಿಗೆ ತಗಂಡು ಹೋಗು. ಅಲ್ಲಿಂದ ಅನಾನಸು ಇಲ್ಲಿಗೆ ಬರಲಿ. ಬೆಕ್ಕಿನ ಪಕ್ಕ ಮೀನಿನ ಚೌಕ ಇಡು, ಹುಡುಗ ಅದನ್ನ ಕಂಡುಹಿಡಿದು ನಕ್ಕಾನು. ಮಳೆ ಮೋಡದ ತುಂಡು ಕಡ್ಲೆಕಾಯಿ ಬಣ್ಣದ ರವಿಕೆ ಕಣದ ಪಕ್ಕ ಇಡು.

– ಪಾವಗಡಕ್ಕೆ ಮಳೆ ಬರಲಿ ಅಂತಾನಾ?

– ಬಂದ್ರೆ ಬ್ಯಾಡ ಅನ್ನೋರು ಯಾರು? ಇಂಗೆ ಜೋಡಿಸ್ತಾ ಜೋಡಿಸ್ತಾ ಒಂದು ಕತೆ ಹುಟ್ತದೆ. ನಮ್ಮ ಕೌದೀಲಿ ಇದು ಯಾರ ಸೀರೆ ಅಂತ ಮಕ್ಕಳು ಕೇಳ್ತಿದ್ವು. ಈ ಕೌದೀಲಿ ಬೆಕ್ಕು ಎಲ್ಲಿಗೆ ಹೋಯ್ತು, ಮೀನು ಯಾಕೆ ಓಡಲಿಲ್ಲ ಅಂತ ಕೇಳ್ತವೆ. ಬಟ್ಟೆ ಯಾರೂ ಉಟ್ಟಿಲ್ಲ ಅಂತ ನನಗೆ ಅನುಮಾನ ಇತ್ತಲ್ಲ, ಆ ಕೊರತೆ ಜೋಡಿಸೋದರಾಗೆ ತುಂಬ್ತದೆ. ಇವತ್ತು ಇಂಗೇ ಹಾಸಿ ಬುಟ್ಬುಡು. ನಾಳೆ ಕಸ ಗುಡಿಸಾಕೆ ಬಂದಾಗ ಒಂದು ಸಲ ನೋಡು, ಸಂಜೆ ದೀಪ ಹಚ್ಚಿದಾಗ ಒಂದು ಸಲ ನೋಡು.

– ಇದೇ ನನಗೆ ಕಷ್ಟ ದೊಡ್ಡಮ್ಮ. ಅಲ್ಲಿ ಗಂಟೆಗೆ ಇಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆದಿರ್ತಾರೆ. ಕೈ ನಿಂತರೆ ಸೂಪರ್‌ವೈಸರ್ ಬಂದು ನಿಲ್ತಾರೆ. ನನ್ನ ಕೆಲಸವೇ ನೋಡೋದು, ಆದರೂ ನೋಡ್ತಾ ಕೂರೋ ಹಾಗಿಲ್ಲ. ತಪ್ಪು ಹಿಡೀಬೇಕು, ಮುಂದಕ್ಕೆ ತಳ್ಳಬೇಕು. ಚಂದ ಇದೆಯಾ ಅಂತ ಯಾರೂ ಕೇಳಿಲ್ಲ. ಎರಡು ದಿನ ನೆಲದ ಮೇಲೆ ಬಟ್ಟೆ ಹಾಸಿ ಸುಮ್ಮನೆ ನೋಡೋದು ಅಂದರೆ ಏನೋ ಕದ್ದ ಹಾಗೆ ಅನಿಸುತ್ತೆ.

– ಕದ್ದಿಲ್ಲ. ಗೊಂಬೆ ಬಟ್ಟೆ ಕೌದೀನ ಮಿಷನ್ ಇದ್ರೆ ಯಾರಾದ್ರೂ ಹೊಲೀತಾರೆ. ಯಾವುದರ ಪಕ್ಕ ಯಾವುದು ಅನ್ನೋದನ್ನ ಮಿಷನ್ ಹೇಳಲ್ಲ. ಅದನ್ನ ಕಣ್ಣೇ ಮಾಡಬೇಕು, ಕಣ್ಣಿಗೆ ಹೊತ್ತು ಬೇಕು.

– ಸರಿ, ಜೋಡಣೆ ನಿಂತ ಮೇಲೆ ಸಾಲು ಸಾಲಾಗಿ ಎತ್ತಿ, ಮೊದಲ ತುಂಡಿಗೆ ಸಾಲಿನ ಸಂಖ್ಯೆ ಬರೆದ ಚೀಟಿ ಚುಚ್ಚಿಡ್ತೀನಿ. ಒಂದು ಸಾಲಿನ ಹೊಲಿಗೆ ಅಂಚೆಲ್ಲ ಬಲಕ್ಕೆ ಮಡಿಸಿ ಇಸ್ತ್ರಿ, ಮುಂದಿನ ಸಾಲಿನದು ಎಡಕ್ಕೆ. ಆಗ ಎರಡು ಸಾಲು ಕೂಡಿಸುವಾಗ ಮೂಲೆಗೆ ಮೂಲೆ ಕಚ್ಚಿಕೊಳ್ಳುತ್ತೆ, ದಪ್ಪವೂ ಆಗಲ್ಲ. ಇದು ಗಾರ್ಮೆಂಟ್ಸಿನಲ್ಲಿ ಕಲಿತ ವಿದ್ಯೆ. ನಡುವಿನ ಆನೆ ಇರೋ ಕಡೆ ಮಾತ್ರ ಅಕ್ಕಪಕ್ಕದ ಚೌಕಗಳನ್ನ ಮೊದಲೇ ಜೋಡಿ ಮಾಡಿ ಸೇರಿಸ್ಕೊಬೇಕು.

– ನಾವು ಇಂಗೆ ಮಾಡ್ತಿರಲಿಲ್ಲ. ಮೇಲ್ಪದರ ಬೇರೆ, ಒಳಪದರ ಬೇರೆ ಅಂತ ಇರಲಿಲ್ಲ. ಕೆಳಗೆ ಸೀರೆ ಹಾಸಿ, ಅದರ ಮೇಲೆ ಹಳೇದೆಲ್ಲ ಹರಡಿ, ಮೇಲೆ ತುಂಡು ಇಟ್ಟು ಅಂಚು ಒಳಕ್ಕೆ ಮಡಿಸಿ, ಎಲ್ಲಾ ಪದರಾನೂ ಸೇರಿಸಿ ಒಂದೇ ಸಲ ಹೊಲೀತಾ ಹೋಗೋದು. ತುಂಡು ಜಾರಿದ್ರೆ ಅಲ್ಲೇ ಇನ್ನೊಂದು ತುಂಡು.

– ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಈಗಲೂ ಹಾಗೇ ಮಾಡ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸ್ತಾರೆ. ನಾಲ್ಕು ಮೂಲೆಗೆ ತ್ರಿಕೋನದ ಹಾಗೆ ಮಡಿಸಿದ ಬಟ್ಟೆ ಹೊಲೀತಾರೆ, ಅದನ್ನ ಹೂವು ಅಂತಾರೆ. ಹೂವಿಲ್ಲದ ಕೌದಿ ಮುಗಿದ ಕೌದಿಯೇ ಅಲ್ಲ ಅವರಿಗೆ. ಹೆನ್ರಿ ಡ್ರೂವಲ್ ಅಂತ ಅಮೆರಿಕದ ಕಲಾ ಇತಿಹಾಸಕಾರರು ಬಂದು ನೋಡಿ, 2004ರ ಸುಮಾರಿಗೆ ಅಲ್ಲಿನ ಹೆಂಗಸರ ಸಹಕಾರ ಗುಂಪಿಗೆ ನೆರವಾದರು. ಅಲ್ಲಿಂದೀಚೆಗೆ ಆ ಕೌದಿಗಳು ಹೊರದೇಶದ ಪ್ರದರ್ಶನಗಳಿಗೂ ಹೋಗಿವೆ.

– ಅಂಚಿನಿಂದ ನಡುವಿಗಾ? ಅದು ಒಳ್ಳೇದು, ಕೈ ಎಟಕ್ತದೆ. ನಿನ್ನದನ್ನ ಅಂಗೆ ಮಾಡಾಕಾಗಲ್ಲ. ನೀನು ಮೇಲ್ಪದರ ಮಿಷನ್ನಾಗೆ ಕೂಡಿಸಿ ತಗಂಡು ಬಾ, ಒಳಗೆ ನಾನು ತುಂಬ್ತೀನಿ. ನನ್ನ ಎರಡು ಸೀರೆ, ನಿಮ್ಮ ದೊಡ್ಡಪ್ಪನ ಈ ಪಂಚೆ, ಸಕ್ಕರೆ ಚೀಲದ ಬಟ್ಟೆ ಒಂದಿಷ್ಟು. ಮೇಲೆ ಯಾರೂ ಉಡದ ಗೊಂಬೆ ಇರಲಿ, ಒಳಗೆ ನಾವು ಉಟ್ಟಿದ್ದು ಇರಬೇಕು. ಆಮೇಲೆ ಕೈಹೊಲಿಗೆ. ಗೊಂಬೆ ಮುಖದ ಮೇಲೆ ದಾರ ಹಾಯಿಸಬ್ಯಾಡ, ಪಕ್ಕದ ಬರೀ ಬಣ್ಣದ ಮೇಲೆ ಸಾಲು ಹತ್ತಿರ ಹತ್ತಿರ ಬರಲಿ, ಗೊಂಬೆ ಮೇಲೆ ದೂರ ದೂರ ಇರಲಿ.

– ಸಕ್ಕರೆ ಚೀಲ ಅಂದಿದ್ದಕ್ಕೆ ಹೇಳ್ತೀನಿ ಕೇಳು. ಅಮೆರಿಕದಲ್ಲಿ ಹಿಟ್ಟು, ಕೋಳಿಗೆ ಹಾಕೋ ಕಾಳು ಎಲ್ಲಾ ಹತ್ತಿ ಚೀಲದಲ್ಲಿ ಬರ್ತಿತ್ತಂತೆ. ಹೆಂಗಸರು ಆ ಚೀಲದಲ್ಲೇ ಮಕ್ಕಳಿಗೆ ಅಂಗಿ, ಹಾಸಿಗೆಗೆ ಕೌದಿ ಹೊಲೀತಾರೆ ಅಂತ ತಿಳಿದ ಕಂಪನಿಗಳು 1920ರ ದಶಕದಿಂದ ಚೀಲದ ಮೇಲೇ ಹೂವು, ಗೊಂಬೆ ಅಚ್ಚು ಹಾಕೋಕೆ ಶುರು ಮಾಡಿದವು.

– ಚೀಲ ನೋಡಿ ಹಿಟ್ಟು ಕೊಳ್ಳೋಂಗೆ. ಎಲ್ಲಾ ಕಡೆ ಹೆಂಗಸರು ಒಂದೇ.

– ದೊಡ್ಡಮ್ಮ, ಇದೊಂದನ್ನ ಮಗುವಿಗೆ ಕೊಡೋಣ. ಇನ್ನೂ ನಾಲ್ಕೈದು ಮಾಡಿದರೆ? ನಮ್ಮ ಸ್ತ್ರೀಶಕ್ತಿ ಸಂಘದವರು ಸೇರಿ ಮಾಡಬಹುದು. ಮಧುಗಿರಿಯಲ್ಲಿ, ಕೊರಟಗೆರೆಯಲ್ಲಿ ಮಿಷನ್ ತುಳಿಯೋಕೆ ಬರೋರಿಗೆ ಬರ ಇಲ್ಲ. ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿರೋ ಹೆಣ್ಣುಮಕ್ಕಳೇ ಎಷ್ಟೊಂದು ಜನ ಇದ್ದಾರೆ.

– ಮಾಡಿ. ಯಾಕೆ ಮಾಡಬಾರದು? ಎಷ್ಟಕ್ಕೆ ಮಾರ್ತೀರಿ?

– ಅಲ್ಲೇ ಸಿಕ್ಕಿಕೊಳ್ಳೋದು. ಪೇಟೆಯಲ್ಲಿ ಒಬ್ಬ ಅಂಗಡಿಯವರನ್ನ ಕೇಳಿದೆ. ಚಿಂದಿಯಲ್ಲಿ ಮಾಡಿದ್ದು ತಾನೇ, ಐನೂರು ರೂಪಾಯಿಗೆ ಕೊಡಿ ಅಂದರು. ಬಟ್ಟೆಗೆ ನಿಮಗೇನು ಖರ್ಚಾಗಿದೆ ಅಂತ ಕೇಳಿದರು.

– ಬಟ್ಟೆಗೆ ಹೆಚ್ಚೇನೂ ಖರ್ಚಾಗಿಲ್ಲ, ದಿಟ. ನನ್ನ ಬೆನ್ನಿಗೆ? ನಿನ್ನ ಕಣ್ಣಿಗೆ? ನೀನು ಓದಿದೋಳು, ಲೆಕ್ಕ ಹಾಕು.

– ಹಾಕ್ತೀನಿ. 2024–25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಮಣ್ಣು ಹೊರೋ ಕೆಲಸಕ್ಕೆ ಸರ್ಕಾರವೇ ಕಟ್ಟಿದ ಬೆಲೆ ಅದು. ಒಂದು ಕೌದಿಗೆ ವಿಂಗಡಿಸೋದು, ಒಗೆಯೋದು, ಕತ್ತರಿಸೋದು, ಮಿಷನ್ ಹೊಲಿಗೆ, ಕೈಹೊಲಿಗೆ ಎಲ್ಲಾ ಸೇರಿ ಒಬ್ಬರ ಹದಿನೆಂಟು ದಿನ ಹಿಡೀತು ಅಂದುಕೊಳ್ಳೋಣ. 349 ಇಂಟು ಹದಿನೆಂಟು, 6,282.

– ನೀನು ಎರಡು ದಿನ ಬುಟ್ಟೆ.

– ಯಾವ ಎರಡು ದಿನ?

– ನೆಲದ ಮೇಲೆ ಹಾಸಿ ನೋಡಿದ್ದು.

– ಅದಕ್ಕೂ ಹಾಕಬೇಕಾ?

– ಅದಕ್ಕೇ ಮೊದಲು ಹಾಕಬೇಕು. ಉಳಿದಿದ್ದನ್ನ ಕೈ ಇರೋರೆಲ್ಲ ಮಾಡ್ತಾರೆ. ಆ ಎರಡು ದಿನ ಇಲ್ಲದಿದ್ರೆ ಇದು ಚೀಲದಾಗಿನ ಚಿಂದಿನೇ.

– ಇಪ್ಪತ್ತು ದಿನ. 6,980 ರೂಪಾಯಿ. ಯಾರು ಕೊಡ್ತಾರೆ ದೊಡ್ಡಮ್ಮ?

– ನೀನು ಕೇಳದಿದ್ರೆ ಯಾರೂ ಕೊಡಲ್ಲ. ಕೇಳಿದ್ರೆ ನೂರು ಜನದಾಗೆ ಒಬ್ಬರು ಕೊಟ್ಟಾರು.

– ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಅನ್ನೋ ಹಳ್ಳಿಯ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸಕ್ಕೆ ಹಾಕಿ ಸವೆದ ಪ್ಯಾಂಟು, ಅಂಗಿಯಲ್ಲಿ ಕೌದಿ ಹೊಲೀತಿದ್ದರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವುಗಳನ್ನ ಗೋಡೆಗೆ ತೂಗುಹಾಕಿ ಜನಕ್ಕೆ ತೋರಿಸಿತು. 2006ರಲ್ಲಿ ಅವುಗಳ ಚಿತ್ರ ಅಲ್ಲಿನ ಅಂಚೆಚೀಟಿ ಮೇಲೆ ಬಂತು. ಅಷ್ಟು ವರ್ಷ ಆ ಹೆಂಗಸರು ಚಳಿಗೆ ಹೊದ್ದುಕೊಂಡಿದ್ದ ಬಟ್ಟೆಗಳು ಅವು.

– ಗೋಡೆ ಮೇಲೆ ಹಾಕಾಕಿಂತ ಮೊದಲೂ ಅವು ಅಷ್ಟೇ ಚಂದ ಇದ್ವಲ್ಲ? ಅಂಗಡಿಯೋರಿಗೆ ಹೇಳು, ನಮ್ಮದೂ ಅಂಗೇನೇ. ಸಂಘದೋರಿಗೂ ಹೇಳು. ಒಂದು ಬುಕ್ಕು ಇಡಿ, ಯಾರು ಎಷ್ಟು ದಿನ ಕೂತ್ರಿ ಅಂತ ಬರೀರಿ, ನೋಡಿದ ದಿನಾನೂ ಬರೀರಿ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಸುಮ್ಮನೆ ಕೊಡಿ, ಎಷ್ಟು ಬೇಕಾದ್ರೂ ಕೊಡಿ. ಮಾರೋದಾದ್ರೆ ಕೂಲಿ ಲೆಕ್ಕ ಹಾಕದೆ ಒಂದು ಕೌದೀನೂ ಮಾರಬ್ಯಾಡಿ.